ಅತ್ತೆಗೆ ತಕ್ಕ ಬೀಚು

ಮಾರ್ಚ್ 24, ಸೋಮವಾರ. ಬಸ್ಸಿನಲ್ಲಿ

ಹಾಸನ ಬಿಟ್ಟಾಯಿತು. ಚನ್ನರಾಯಪಟ್ಟಣದ ಕಾಲೇಜು ತಲುಪುವುದರೊಳಗೆ ಟೆಸ್ಟ್ ಪೇಪರ್ ತಿದ್ದಬೇಕಿತ್ತು. ಬದಲಿಗೆ ಮೊಬೈಲಿನಲ್ಲಿ ಗೋಕರ್ಣ. ಓಂ, ಕುಡ್ಲೆ, ಹಾಫ್ ಮೂನ್, ಪ್ಯಾರಡೈಸ್, ಊರೆದುರಿನ ಮೇನ್ ಬೀಚು... ಒಂದೇ ಊರಿಗೆ ಇಷ್ಟೊಂದು.

ನಿನ್ನೆ ಮಗಳು ಮೇಘಶ್ರೀ ಅಜ್ಜಿಗೆ ಗೋಕರ್ಣದ ಯಾವುದೋ ರೀಲ್ ತೋರಿಸುತ್ತಿದ್ದಳು. ಅಲೆ ಬಂತು, ಹೋಯಿತು.

"ಇದು ವಾಪಸ್ ಓಯ್ತಲ್ಲಮ್ಮಿ?"

"ಹೋಗತ್ತೆ ಅಜ್ಜಿ. ಮತ್ತೆ ಬರತ್ತೆ."

"ಇನ್ನೊಂದ್ ಕಿತ ಆಕು."

ಎಷ್ಟೋ ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಒಂದ್ ಕಿತ ಅಲ್ಲಿಗ್ ಕರ್ಕೊಂಡೋಗವ್ವ" ಅಂದರು.

ಅತ್ತೆ ಲಕ್ಕಮ್ಮನ ತವರು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಆಗಿನಿಂದ ಹೊಳೆಗೂ ಇಳಿದವರಲ್ಲ, ಕೆರೆಗೂ ಇಳಿದವರಲ್ಲ. ಗೊರೂರು ಬಸ್ಸನ್ನೂ ಹತ್ತುವುದಿಲ್ಲ. ಅವರೇ ಸಮುದ್ರ ಕೇಳಿದ್ದಾರೆ.

ಮಾರ್ಚ್ 27

ಗಂಡನಿಗೆ ಹೇಳಿದೆ. ನಟರಾಜು ನಕ್ಕರು.

"ಅವ್ವ ಕಾರಿಂದಾನೇ ಇಳಿಯಲ್ಲ, ನೋಡ್ತಿರು. ಅಲ್ಲಿ ಒಂದ್ಸಲ ಹೆದರ್ಕೊಂಡ್ರೆ ಮುಗೀತು. ಇನ್ಯಾವತ್ತೂ ಬರಲ್ಲ."

ನಿಜವಿರಬಹುದು. ಸಿಗುವುದು ಒಂದೇ ಅವಕಾಶ. ಹಾಗಾದರೆ ಯಾವ ದಂಡೆ? ಓಂ ಬೀಚಿಗೆ ಮೆಟ್ಟಿಲು — ಅತ್ತೆಯ ಮಂಡಿಗೆ ಆಗದು. ಕುಡ್ಲೆಗೂ ಅದೇ. ಉಳಿದೆರಡಕ್ಕೆ ಗುಡ್ಡ ಹತ್ತಬೇಕು, ಇಲ್ಲವೇ ದೋಣಿ. ದೋಣಿಯ ಮಾತೇ ಬೇಡ. ಮೇನ್ ಬೀಚು ಚಪ್ಪಟೆ, ಅಗಲ. ಅದೇ ಸರಿ.

ಸರಿಯೇ? ಅವರನ್ನು ಕೇಳದೆ ತೀರ್ಮಾನಿಸುತ್ತಿದ್ದೇನೆ.

ಏಪ್ರಿಲ್ 6, ಭಾನುವಾರ

ಅಲಸಂದೆ ಬಿಡಿಸುತ್ತಾ ಅತ್ತೆ ಅಂದರು, "ಮೇ ತಿಂಗ್ಳಲ್ಲಿ ಓಗಾನ. ನೀರ್ ತಳ ಕಂಡಿರ್ತದೆ."

"ಯಾವ ನೀರು?"

"ಸಮುದ್ರದ್ದೇ. ಬ್ಯಾಸ್ಗೇಲಿ ಇಳಿಯಕ್ಕಿಲ್ವಾ?"

ಆಮೇಲೆ ಹೊಳೆಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅವರ ಹಳೇ ಊರಿನ ಜಗಲಿಕಲ್ಲುಗಳು ಮೇಲೆದ್ದು ಕಾಣುತ್ತವಂತೆ. ತವರಿನವರು ಹೋಗಿ ತಮ್ಮ ತಮ್ಮ ಹೊಸಲಿಗೆ ಅರಿಸಿನ ಕುಂಕುಮ ಇಟ್ಟು, ನೀರು ಬಿಟ್ಟ ನೆಲಕ್ಕೆ ಬೆಳೆಗೆಂದು ಹುರುಳಿ ಎರಚಿ ಬರುತ್ತಾರೆ. ಅತ್ತೆ ಒಮ್ಮೆಯೂ ಹೋದವರಲ್ಲ.

ಮೇನ್ ಬೀಚಿನ ಫೋಟೋ ತೋರಿಸಿದೆ.

"ಇಷ್ಟಗಲ ಬುಟ್ಟೈತೆ, ಒಬ್ರೂ ಉಳ್ಳಿ ಎರಚಿಲ್ವಲ್ಲ. ಸೋಮಾರಿಗಳು."

ನಗು ಬಂತು. ಇದು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ ಅಂತ ಹೇಳಿದೆ. ಅತ್ತೆಯ ಕೈ ನಿಂತಿತು.

"ದಿನಾಲೂನಾ? ಯಾರ್ ಬುಡೋರು? ಗೇಟ್ ಎಲ್ಲೈತೆ?"

"ಗೇಟಿಲ್ಲ. ಚಂದ್ರ ಎಳೆಯೋದು."

ಮತ್ತೆ ಅಲಸಂದೆಗೆ ಕೈ ಹಾಕಿದರು. "ಇಂಗ್ಲೀಸ್ ಇಸ್ಕೂಲಲ್ಲಿ ಇದ್ನೇ ಏಳ್ಕೊಟ್ರಾ?"

ಹೌದು, ಇದನ್ನೇ. ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ. ಆದರೆ ಏರುವ ಹೊತ್ತು ದಿನದಿನಕ್ಕೂ ಏಕೆ ಸರಿಯುತ್ತದೆ ಅನ್ನುವುದನ್ನು ಇವತ್ತು ಮೊದಲ ಬಾರಿ ಹುಡುಕಿ ಓದಿದೆ. ಅಡುಗೆಯ ಮಧ್ಯೆ ನಿಂತು ಓದಿದೆ. ಸಾರು ಉಕ್ಕಿತು.

ಏಪ್ರಿಲ್ 12

ಟೈಡ್ ಚಾರ್ಟ್ ಸಿಕ್ಕಿತು. ಮುಂದಿನ ವಾರ ಭಾನುವಾರ, ಮಧ್ಯಾಹ್ನಕ್ಕೆ ಮುಂಚೆ ಲೋ ಟೈಡ್. ನೀರು ದೂರ ಸರಿದಿರುತ್ತದೆ. ಒದ್ದೆ ಮರಳಿನ ಮೇಲೆ ನಾಲ್ಕು ಹೆಜ್ಜೆ ನಡೆಸಿ, ಅಂಚು ಮುಟ್ಟಿಸಿ ಕರೆದುಕೊಂಡು ಬಂದುಬಿಡುವುದು. ಹೆದರುವುದಕ್ಕೆ ಏನೂ ಇರುವುದಿಲ್ಲ.

ಏಪ್ರಿಲ್ 20, ಭಾನುವಾರ. ಗೋಕರ್ಣ, ಮಧ್ಯಾಹ್ನ

ಅತ್ತೆ ಕಾರಿನಿಂದ ಇಳಿದರು. ನಟರಾಜು ನನ್ನ ಕಡೆ ನೋಡಲಿಲ್ಲ.

ಚಾರ್ಟ್ ಹೇಳಿದ ಹಾಗೇ ಇತ್ತು. ನೀರು ಎಲ್ಲೋ ದೂರ. ಅತ್ತೆ ಒದ್ದೆ ಮರಳಿನವರೆಗೆ ಬಂದು ನಿಂತುಬಿಟ್ಟರು.

"ಇದೇನವ್ವ? ಓಗ್ಬುಟ್ಟಿರೋದ್ನ ತೋರ್ಸಕ್ ಕರ್ಕೊಂಡ್ ಬಂದ್ಯಾ?"

"ಹೆದರ್ತೀರ ಅಂತ, ಅತ್ತೆ..."

"ಎದ್ರಿಕೆ ಇದ್ದದ್ದೇಯ. ನೀರ್ ಬರೋದ್ನ ನಾನ್ ನೋಡ್ಬೇಕು. ಆವತ್ತು ನೋಡಕ್ ಬುಡ್ಲಿಲ್ಲ. ನೀರ್ ಬರಾಕ್ ಮುಂಚೆ ಲಾರಿ ಅತ್ತುಸ್ಬುಟ್ರು. ಆಮ್ಯಾಕ್ ಬಂದ್ ನೋಡುದ್ರೆ ಊರೇ ಇಲ್ಲ."

ತಿಂಗಳಿಂದ ನಾನು ಹುಡುಕಿದ್ದು ನೀರಿಲ್ಲದ ಬೀಚನ್ನೇ ಅಲ್ಲವೇ?

ಅತ್ತೆ ಕಾಯುತ್ತೇನೆ ಅಂದರು. ಒಣ ಮರಳಿನ ಅಂಚಿನಲ್ಲಿ ಚಿಪ್ಪು, ಕಸಕಡ್ಡಿ ಗೆರೆಯಾಗಿ ಬಿದ್ದಿತ್ತು. ಅದನ್ನು ಕಾಲಿನಿಂದ ತೋರಿಸಿ, "ಇಲ್ಲಿಗಂಟ ಬಂದಿತ್ತು" ಅಂದು ಅದರ ಕೆಳಗೇ ಕುಳಿತರು.

"ಅವ್ವ, ಮ್ಯಾಕ್ ಬಾ. ನೆಂದೋಯ್ತೀಯ," ನಟರಾಜು ಕೂಗಿದರು.

"ನೆನೀಲಿ, ಸುಮ್ಕಿರ್ಲಾ. ನಾನೇನ್ ಸಕ್ರೆನಾ?"

ಅಲ್ಲೇ, ಸಂಜೆ

ನಟರಾಜು, ಮೇಘಶ್ರೀ ಟೀಗೆ ಹೋಗಿದ್ದಾರೆ. ಇಲ್ಲಿ ನಾವಿಬ್ಬರೇ.

ನೀರು ಬರುತ್ತಿದೆ. ನೋಡುತ್ತಿದ್ದರೆ ಗೊತ್ತಾಗುವುದಿಲ್ಲ. ತಲೆ ತಗ್ಗಿಸಿ ಒಂದು ಸಾಲು ಬರೆದು ಎತ್ತಿದರೆ ಹತ್ತಿರವಾಗಿರುತ್ತದೆ. ಅತ್ತೆ ಮಾತ್ರ ಕಣ್ಣು ಕದಲಿಸಿಲ್ಲ. ಸೆರಗಿನ ತುದಿ ಮುಷ್ಟಿಯಲ್ಲಿದೆ. ವಾಪಸ್ ಹೋಗೋಣವೇ ಅಂತ ಕೇಳಬೇಕೆನಿಸುತ್ತದೆ — ಅವರಿಗಾಗಿಯೋ, ನನಗಾಗಿಯೋ. ಕೇಳಲಿಲ್ಲ.

ಈಗೊಂದು ಅಲೆ ಹೆಬ್ಬೆರಳಿನವರೆಗೆ ಬಂತು. ಕಾಲು ಹಿಂದೆಗೆಯಲಿಲ್ಲ. ಇನ್ನೊಂದು ಬರುತ್ತಿದೆ, ಇದು ದೊಡ್ಡದು.

"ಬರಿಯೋದ್ ಮಡಗು. ಕೈ ಕೊಡು, ನಿಂತ್ಕೊತೀನಿ" ಅನ್ನುತ್ತಿದ್ದಾರೆ. ಪೆನ್ನು ಇಟ್ಟು ಕೈ ಕೊಡುತ್ತಿದ್ದೇ—