ಬೆನ್ನಿಗೆ ತಾಗಿದ ಹಾಡು

ಚನ್ನಗಿರಿ, ೧೯೮೬

ಪ್ರೀತಿಯ ಗೋಣೆಪ್ಪ,

ಮನೆದೇವರ ಮತ್ತು ಮನೆಯಾಕೆಯ ಸಾಕ್ಷಿಯಾಗಿ ನನ್ನ ಅಪರಾಧ ಒಪ್ಪಿಕೊಳ್ಳುತ್ತೇನೆ: ಇವತ್ತು ನನ್ನ ಕುರ್ಚಿಯ ಹಿಂದೆಯೂ ಎರಡು ಸ್ಪೀಕರ್ ಬಾಕ್ಸು ತೂಗುಹಾಕಿದ್ದೇನೆ. ‘ಸ್ಟೀರಿಯೊ ಅಂದರೆ ಎದುರಿಗೆ ಎರಡೇ, ಎಡ ಬಲ ತಿಳಿಯದವನು ಎಡಬಿಡಂಗಿ’ ಎಂದು ನಿನ್ನ ನಾಲ್ಕು ಬಾಕ್ಸುಗಳನ್ನು ವರ್ಷಗಟ್ಟಲೆ ಗೇಲಿ ಮಾಡಿದವನು ನಾನೇ.

ನೀನೇನು ಬಗ್ಗಿದವನಲ್ಲ. “ಭಜನೇಲಿ ಸುತ್ತ ಕುಂತು ಹಾಡ್ತಾರೆ ಕಣಲೇ, ಹಾಡು ಬೆನ್ನಿಗೂ ತಾಗಬೇಕು. ಎದುರಿಗೇ ನೋಡ್ಕಂಡು ಕುಂತೀಯಲ್ಲ, ಹಾಡು ಕೇಳಾಕೆ ಬಂದೀಯೋ, ಹೆಣ್ಣು ನೋಡಾಕೆ ಬಂದೀಯೋ?” ಅನ್ನುತ್ತಿದ್ದೆ.

ನೀನು ತೀರಿಕೊಂಡ ಮೇಲೆ ನಿನ್ನ ಹೆಂಡತಿ ಭೀಮಕ್ಕ ಹಿಂದಿನ ಎರಡು ಬಾಕ್ಸು ನನಗೇ ಕಳಿಸಿದರು. ಸಂಜೆ ನಲ್ಲೂರಿನ ಭಜನೆಯಲ್ಲಿ ನಾವೇ ತುಂಬಿಸಿಕೊಂಡಿದ್ದ ಕ್ಯಾಸೆಟ್ ಹಾಕಿದೆ. ಎಡಕ್ಕೆ ಹಾರ್ಮೋನಿಯಂ, ಬಲಕ್ಕೆ ತಬಲ. ಎರಡನೇ ಭಜನೆ ಪದದಲ್ಲಿ ತಾಳ ತಪ್ಪಿದ ನಿನ್ನ ದನಿ ಬಂತು. ಅವತ್ತು ನೀನು ನನ್ನ ಬೆನ್ನಿಗೇ ಕೂತಿದ್ದೆಯಲ್ಲ, ಸರಿಯಾಗಿ ಅಲ್ಲಿಂದಲೇ. ನಾನು ತಿರುಗಿ ನೋಡಿದೆ.

ಕನ್ನಡಕ ಸರಿಮಾಡಿಕೊಂಡು ಮನೆಯಾಕೆ ಕರಿಬಸಮ್ಮನಿಗೆ ಹೇಳಿದೆ: “ಗೋಣೆಪ್ಪ ಹೇಳಿದ್ದೇ ಖರೆ ಕಣೆ. ನನ್ನ ಕಿವಿ ಮೇಲೆ ಯಾರೂ ಹೂ ಇಡಾಕಾಗಲ್ಲ. ದನಿ ಹಿಂದಿನ ಬಾಕ್ಸಿಂದಲೇ ಬಂತು.”

“ಹೆಂಗ್ ಬರ್ತೈತ್ರೀ? ಕಸ ಗುಡಿಸಾಕೆ ಅಂತ ಅದರ ವೈರು ನಾನೇ ಕಿತ್ತಿದ್ದೆ. ಇನ್ನೂ ಸಿಗಿಸಿಲ್ಲ.”

ಬಗ್ಗಿ ನೋಡಿದೆ. ವೈರು ಕುರ್ಚಿಯ ಕೆಳಗೆ ಬಿದ್ದಿತ್ತು. ಅದನ್ನು ಹಾಗೇ ಬಿಟ್ಟು ಆ ಪದವನ್ನು ಇನ್ನೊಮ್ಮೆ ಹಾಕಿದೆ.

ಈ ಸಲವೂ ತಿರುಗಿ ನೋಡಿದೆ ಕಣೋ.