ತೊಳೆದರೂ ಇಳಿಯದ ಉಪ್ಪು

ಅಣ್ಣಾ,

ದವಡೆಗೆ ತಂತಿ ಕಟ್ಟಿದ್ದಾರೆ, ಮಾತಾಡಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೀಯೆಂದು ನರ್ಸ್ ಹೇಳಿದರು. ಒಳಗೆ ಬರಬೇಡ.

ತೈಲಬಾವಿಯಿಂದ ಬರುವ ಕಚ್ಚಾ ಎಣ್ಣೆಯಲ್ಲಿ ನೀರೂ ಉಪ್ಪೂ ಏರಿವೆ ಎಂದು ಮೀಟರ್ ತೋರಿಸಿದಾಗ ನೀನು ಎಲ್ಲರ ಮುಂದೆ ನಕ್ಕೆ. "ಉಪ್ಪು ನೋಡೋಕೆ ನೀನೇನು ಅಡುಗೆಯವನೇನೋ? ಮೀಟರ್‌ಗೇ ಉಪ್ಪು ಹತ್ತಿರುತ್ತೆ, ತೊಳಿ ಹೋಗು" ಅಂದೆ. ಹಾಗಾಗುವುದೂ ಉಂಟು, ಆದ್ದರಿಂದ ತೊಳೆದೆ. ಅಂಕಿ ಇಳಿಯಲಿಲ್ಲ. ಬಾವಿ ನಿಂತರೆ ಮೇಲಿನವರು ನಿನ್ನನ್ನೇ ಹಿಡಿಯುತ್ತಾರೆಂದು ಗೊತ್ತಿದ್ದೂ ನಾನು ಅದರ ವಾಲ್ವ್ ಮುಚ್ಚಲು ಹೋದೆ. ನೀನು ಸ್ಪ್ಯಾನರ್ ಬೀಸಿದೆ. ಬಿದ್ದ ಮೇಲೂ ಹೊಡೆದೆ. ಹಲ್ಲುಗಳು ಅಂಗೈಗೆ ಬಂದವು.

ಆ ಉಪ್ಪುನೀರು ಪೈಪನ್ನು ಒಳಗಿನಿಂದ ತಿನ್ನುತ್ತಿದೆ. ಒಡೆದು ಎಣ್ಣೆಗೆ ಬೆಂಕಿ ಹತ್ತಿದರೆ, ಪೈಪಿನ ನೆರಳಲ್ಲಿ ಕೂತು ಊಟ ಮಾಡುವವರೆಲ್ಲ ಸುಟ್ಟುಹೋಗುತ್ತಾರೆ. ನಮ್ಮ ಭಾವನೂ ಅಲ್ಲೇ ಕೂರುತ್ತಾನೆ.

ಹೊಡೆದವರು ಯಾರೆಂದು ಪೊಲೀಸರು ಕೇಳಿದರು. ನಿನ್ನ ಹೆಸರು ಬರೆದುಕೊಟ್ಟೆ. ಅವರು ನಿನ್ನನ್ನು ಹುಡುಕಿಕೊಂಡು ಬರುವುದರೊಳಗೆ ಹೋಗಿ ವಾಲ್ವ್ ಮುಚ್ಚಿಸು. ಫೋರ್‌ಮನ್ ನೀನು, ನೀನು ಹೇಳದೆ ಅದನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಲು ಹೋದವನ ಗತಿಯನ್ನು ಅವರೆಲ್ಲ ನೋಡಿದ್ದಾರೆ.

ನಿನ್ನ ತಮ್ಮ