ದೂಜಣ್ಣನ ಕೌಂಟರಿನ ಫೋನು

ಸಯನ್, ಮುಂಬಯಿ
೧೪ ಜುಲೈ ೧೯೯೩

ಗೋರೆಗಾಂವ್‌ವಾಸಿ ಶ್ರೀ ಜಯಸಿಂಹರವರಿಗೆ,

ಮಾನ್ಯ ಸಭಾಧ್ಯಕ್ಷರೇ, ಮಹಾಜನಗಳೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಹಿರಿಯರೇ! ಇಂದಿನ ವಿಚಾರಣೆಯ ಆರೋಪಿ ನನ್ನ ಗಂಡ, ಮೇಲೆ ಹೆಸರಿಸಿದ ಗೋರೆಗಾಂವ್‌ವಾಸಿಯೇ. ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ, ಏಕೆಂದರೆ ಅವರೊಬ್ಬರಿಗೇ ಹೇಳಿದರೆ ಪೇಪರು ಅಡ್ಡ ಹಿಡಿಯುತ್ತಾರೆ.

ಮೊದಲು ಹಿನ್ನೆಲೆ. ಒಳಗಿನ ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್ ಒಂದು ಪರದೇಶದಿಂದ ಫ್ಲಾಪಿಗಳಲ್ಲಿ ನಮ್ಮ ಮನೆಗೆ ಬಂತು. ಬಿಟ್ಟಿಯಾಗಿ. ಕೊಟ್ಟವರ ಷರತ್ತು ಒಂದೇ: ತಿದ್ದಿ ಹಂಚುವುದಾದರೆ ತಿದ್ದಿದ್ದನ್ನೂ ಮುಚ್ಚಿಡಬೇಡಿ. ಅದರಲ್ಲಿ ಎಲ್ಲ ಇತ್ತು, ಇನ್ನೊಂದು ಕಂಪ್ಯೂಟರಿನ ಜೊತೆ ಮಾತಾಡುವ ಬಾಯಿ ಮಾತ್ರ ಇರಲಿಲ್ಲ. ಲೋಕದ ದೊಡ್ಡ ದೊಡ್ಡ ಕಂಪ್ಯೂಟರುಗಳು ಮಾತಾಡಲು ಒಪ್ಪಿಕೊಂಡ ನಿಯಮವಿದೆಯಲ್ಲ, ಇಂಟರ್ನೆಟ್ ಪ್ರೊಟೊಕಾಲ್, ಅದನ್ನು ಇದಕ್ಕೂ ಕಲಿಸೋಣ ಅಂದವರು ಆರೋಪಿಯೇ. ಕಲಿಸಿದ್ದು ಇಬ್ಬರೂ ಸೇರಿ.

ಒಂದು ಕಂಪ್ಯೂಟರ್ ಸಯನ್ನಿನ ನಮ್ಮ ಅಡಿಗೆಮನೆಯಲ್ಲಿ, ಇನ್ನೊಂದು ಸಾಂತಾಕ್ರೂಜ್‌ನಲ್ಲಿ ದೂಜಣ್ಣನ ಹೋಟೆಲಿನ ಕೌಂಟರಿನ ಕೆಳಗೆ. ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಅವರ ಫೋನು ನಮ್ಮದು. ಕಂಪ್ಯೂಟರನ್ನು ಫೋನಿಗೆ ಜೋಡಿಸುವ ಮೊಡೆಮ್ ಕಿರುಚಿದಾಗಲೆಲ್ಲ, ಹಂದಿ ಕೊಲ್ಲುವುದಾದರೆ ಬೇರೆ ಕಡೆ ಹೋಗಿ ಮಾರಾಯ್ರೆ, ಇದು ಶುದ್ಧ ವೆಜಿಟೇರಿಯನ್ ಹೋಟೆಲು ಅಂತ ಬೈಯುತ್ತಿದ್ದರು. ಫೋನು ಮಾತ್ರ ಕಿತ್ತುಕೊಳ್ಳಲಿಲ್ಲ.

ರೀ, ನೆನಪಿದೆಯೇ? ನಮ್ಮ ಕೋಡು ಉತ್ತರ ಬರುವ ಮೊದಲೇ ಕಳಿಸಿದ್ದನ್ನೇ ಮತ್ತೆ ಕಳಿಸಿ, ಮಳೆಯಲ್ಲಿ ನೆಂದ ಲೈನಿನ ಉಸಿರು ಕಟ್ಟಿಸುತ್ತಿತ್ತು. ನೀವು ತಲೆ ಚಚ್ಚಿಕೊಳ್ಳುತ್ತಿದ್ದಿರಿ, ನಾನು ದೋಸೆಗೆ ಕಾಯುತ್ತಿದ್ದೆ. ಮಾಣಿ ಎರಡು ಮಸಾಲೆ ಅಂತ ಕೂಗುತ್ತಾನೆ. ಒಳಗಿನಿಂದಲೂ ಎರಡು ಮಸಾಲೆ ಅಂತ ಬಂದರೇ ಆರ್ಡರು ಮುಟ್ಟಿದ ಹಾಗೆ. ಬರದಿದ್ದರೆ ಇನ್ನೊಮ್ಮೆ ಕೂಗುತ್ತಾನೆ, ಆದರೆ ರಶ್ ಇದ್ದಷ್ಟೂ ತಡೆದು ಕೂಗುತ್ತಾನೆ. ಇಲ್ಲದಿದ್ದರೆ ಎರಡಕ್ಕೆ ನಾಲ್ಕು ದೋಸೆ ಬಂದು ದೂಜಣ್ಣ ಅವನ ಸೊಂಟ ಮುರಿಯುತ್ತಾರೆ. ಅಲ್ಲೇ ಕೂತು ಕೋಡು ತಿದ್ದಿ, ಪಕ್ಕದಲ್ಲಿ ಟಿಪ್ಪಣಿ ಬರೆದೆ:

ಕೂಗು, ತಾಳು, ಕೇಳು;
ಕೇಳದಿದ್ದರೆ ಇನ್ನೂ ತಾಳಿ ಹೇಳು.

ಈ ಪ್ರಾಸದ ಹುಚ್ಚಿಗೆ ಮದ್ದಿಲ್ಲ ಅಂದಿರಿ. ಆ ದಿನದಿಂದ ಲೈನು ಮಾತ್ರ ಕಟ್ಟಿಕೊಳ್ಳಲಿಲ್ಲ.

ಈಗ ಅಪರಾಧಕ್ಕೆ ಬರೋಣ. ಆರೋಪಿ ಆ ಕೋಡನ್ನು ಬ್ರೀಫ್‌ಕೇಸಿನಲ್ಲಿ ಹಾಕಿಕೊಂಡು ಗೋರೆಗಾಂವಿನ ಕಂಪನಿಯೊಂದಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟರು. ಕಂಪನಿ ಅದಕ್ಕೆ ಬೀಗ ಹಾಕಿ ತನ್ನದೆಂದು ಮಾರುತ್ತದಂತೆ. ಇವರಿಗೆ ದೊಡ್ಡ ಹುದ್ದೆ, ಎರಡು ಬೆಡ್‌ರೂಮಿನ ಮನೆ. ನಿಮಗೆ ಫ್ಲ್ಯಾಟು, ನನಗೆ ಏಟು! ಆ ಮನೆ ಯಾತಕ್ಕೆ ಸಿಕ್ಕಿತು ಅಂತ ಹೇಳಲಿಲ್ಲ. ಕಿಟಕಿಯ ಪರದೆ ಯಾವ ಬಣ್ಣದ್ದಿರಲಿ ಅಂತ ಮಾತ್ರ ಕೇಳಿದಿರಿ. ಗೊತ್ತಾಗಿ ಜಗಳ ಆಡಿದರೆ, ಕನ್ನಡ ಮೀಡಿಯಮ್ ಬಿಎಸ್ಸಿಗೆ ವ್ಯವಹಾರ ತಿಳಿಯುವುದಿಲ್ಲ ಅಂತ ಫೋನಿನಲ್ಲಿ ನಕ್ಕಿರಿ. ಕಂಪನಿಯವರು ನನ್ನ ಪ್ರಾಸವನ್ನೂ ಅಳಿಸುತ್ತಾರಂತೆ, ಗಿರಾಕಿಗಳ ಮುಂದೆ ಮರ್ಯಾದೆ ಹೋಗುತ್ತದಂತೆ.

ರೀ, ಪಂಕ್ತಿಯಲ್ಲಿ ಕೂತು ಉಂಡವರು ಏಳುವಾಗ ಸಾರಿನ ಹಂಡೆಯನ್ನೇ ಹೊತ್ತುಕೊಂಡು ಹೋದರೆ ಅದಕ್ಕೆ ನಿಮ್ಮ ಕಡೆ ವ್ಯವಹಾರ ಅನ್ನುತ್ತಾರೆಯೇ? ನಮ್ಮ ಕಡೆ ಬೇರೆ ಹೆಸರಿದೆ. ಮರ್ಯಾದಸ್ಥರ ಸಭೆ, ಹೇಳುವುದಿಲ್ಲ.

ಕೋಡು ಒಪ್ಪಿಸುವ ಕರಾರಿಗೆ ಸೋಮವಾರ ನಿಮ್ಮ ಸಹಿಯಂತೆ. ಆದ್ದರಿಂದ ಸಭೆಯ ತೀರ್ಪು: ಆರೋಪಿಯು ಸೋಮವಾರದೊಳಗೆ ಕಂಪನಿಗೆ ಆಗುವುದಿಲ್ಲವೆಂದು ತಿಳಿಸಿ ಸಯನ್ನಿಗೆ ಮರಳತಕ್ಕದ್ದು. ತಪ್ಪಿದಲ್ಲಿ ಈ ಸಭೆಯು

ಥೂ, ಸಾಕು. ಸಭೆಯೂ ಇಲ್ಲ, ತೀರ್ಪೂ ಇಲ್ಲ. ಇವತ್ತು ಮಧ್ಯಾಹ್ನ ಇಡೀ ಕೋಡನ್ನು ನನ್ನ ಆಫೀಸಿನ ಈ-ಮೇಲ್‌ನಿಂದ ಆ ಸಿಸ್ಟಮ್ ಮಾಡಿದವರಿಗೇ ಕಳಿಸಿಬಿಟ್ಟೆ. ಮುಟ್ಟಿತು ಅಂತ ಉತ್ತರವೂ ಬಂತು. ಇನ್ನು ಅದು ಎಲ್ಲರದ್ದು. ನಿಮ್ಮ ಕಂಪನಿಗೆ ಬೀಗ ಹಾಕಲು ಏನೂ ಉಳಿದಿಲ್ಲ. ಆ ಮನೆಯೂ ಹೋಯಿತು. ನಾನೂ ನಿಮ್ಮನ್ನು ಕೇಳಲಿಲ್ಲ.

ಸಿಟ್ಟು ಇನ್ನೂ ಇಳಿಯದ,
ಕೌಸಲ್ಯಾ

ತಾ.ಕ.: ಕೋಡಿನ ಮೇಲೆ ಬರೆದವರ ಹೆಸರು ಹಾಕಬೇಕಿತ್ತು. ನಿಮ್ಮದನ್ನು ಅಳಿಸಿದೆ. ಕಾಫಿ ಕುಡಿದು ಬಂದು ಮತ್ತೆ ಹಾಕಿದೆ, ನನ್ನದಕ್ಕಿಂತ ಮೊದಲು. ಇನ್ನೊಂದು. ಪರದೆಗಳನ್ನು ಆಗಲೇ ಹೊಲಿದಿಟ್ಟಿದ್ದೆ, ನೀಲಿಯವು. ಇವತ್ತು ಇಲ್ಲಿಯ ಕಿಟಕಿಗೆ ಹಿಡಿದು ನೋಡಿದೆ. ಉದ್ದ ಜಾಸ್ತಿ, ನೆಲದ ಮೇಲೆ ಬೀಳುತ್ತವೆ.